ಗಣಕದ ವೇಗ ಮತ್ತು ಕನ್ನಡದ ಅಕ್ಷರ

'ಗಣಕ ನಿಧಾನವಾಗಿದೆಯೇ? ಸೆಟ್ಟಿಂಗ್ ಬದಲಿಸಿ' ಎಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ಇಂಥ ಬದಲಾವಣೆಯಿಂದ ಯಂತ್ರದ ಶಕ್ತಿ ಹೆಚ್ಚುವುದಿಲ್ಲ. ಅದು ಮಾಡುತ್ತಿದ್ದ ಯಾವುದೋ ಒಂದು ಕೆಲಸ ಕಡಿಮೆಯಾಗುತ್ತದೆ. ಆ ಕೆಲಸ ಯಾವುದು? ಈ ಪ್ರಶ್ನೆಯ ಹಿಂದೆ ಗಣಕದಲ್ಲಿ ಕನ್ನಡ ನಡೆದುಬಂದ ದಾರಿಯೂ ಇದೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆಗ ಮಾಹಿತಿ ದೂರವಾಣಿ ತಂತಿಯಲ್ಲಿ ಬರಬೇಕಿತ್ತು. ಸೆಕೆಂಡಿಗೆ 9,600 ಬಿಟ್ ಸಾಗಿಸುವ ಮೋಡೆಮ್ ಇದೆಯೆಂದು ಭಾವಿಸಿ. ಮೈಸೂರು ಅರಮನೆಯ 60,000 ಬೈಟ್‌ಗಳ ಚಿತ್ರವೊಂದು ಬರಲು 50 ಸೆಕೆಂಡು ಬೇಕು. 'ಮೈಸೂರು' ಎಂಬ ಪದಕ್ಕಾದರೋ ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ 18 ಬೈಟ್ ಸಾಕು. ಅದರಲ್ಲಿರುವುದು ಮೂರು ವ್ಯಂಜನ, ಮೂರು ಸ್ವರಚಿಹ್ನೆ. ಒಂದೊಂದಕ್ಕೂ ಮೂರು ಬೈಟ್.

ಹೀಗಾಗಿ ನೆಟ್‌ಸ್ಕೇಪ್ ಬ್ರೌಸರಿನ 'ಆಟೋ ಲೋಡ್ ಇಮೇಜಸ್' ಆಯ್ಕೆಯನ್ನು ತೆಗೆದುಹಾಕಿದರೆ ಪುಟಗಳು ಬೇಗ ತೆರೆದುಕೊಳ್ಳುತ್ತಿದ್ದವು. ಆದರೆ ಆ ದಿನಗಳಲ್ಲಿ ಕನ್ನಡದ ಪದಗಳನ್ನೇ ಚಿತ್ರವಾಗಿಸಿ ಪುಟದಲ್ಲಿ ಇಡುವುದೂ ಇತ್ತು. ಅಂಥ ಪುಟದಲ್ಲಿ ಚಿತ್ರದೊಡನೆ ಕನ್ನಡವೂ ಮಾಯ!

1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಸಂಕೇತಗಳಿದ್ದರೆ ಸಾಲದು. ಮೈಸೂರು ವಿಶ್ವವಿದ್ಯಾನಿಲಯದ ಆವರಣದ ಹೆಸರು 'ಮಾನಸಗಂಗೋತ್ರಿ'ಯನ್ನು ನೋಡಿ. ಕೊನೆಯ 'ತ್ರಿ' ಒಂದರಲ್ಲೇ ನಾಲ್ಕು ಸಂಕೇತಗಳಿವೆ: ತ, ವಿರಾಮಚಿಹ್ನೆ, ರ, ಗುಡಿಸು. ತೆರೆಯ ಮೇಲೆ ರಕಾರ ಒತ್ತಾಗಿ ಕೆಳಗಿಳಿಯಬೇಕು, ಗುಡಿಸು ಹಿಂದಿನ ತಕಾರಕ್ಕೆ ಸೇರಬೇಕು. ಈ ಜೋಡಣೆಯನ್ನು ಮಾಡುವುದು ಪ್ರತ್ಯೇಕ ತಂತ್ರಾಂಶ.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಸೌಲಭ್ಯವೂ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿಯೂ ಇದ್ದವು. ಆದರೆ 'ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್'ನಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕಿ ಅವನ್ನು ಅಳವಡಿಸಿಕೊಳ್ಳಬೇಕಿತ್ತು. 10 ಎಂಬಿ ಅಥವಾ ಹೆಚ್ಚಿನ ಜಾಗ ಬೇಕೆಂಬ ಎಚ್ಚರಿಕೆ ಮೂಡುತ್ತಿತ್ತು. 4 ಜಿಬಿ ಡಿಸ್ಕಿನಲ್ಲಿ 10 ಎಂಬಿ ಎಂದರೆ ಶೇಕಡಾ ಕಾಲು ಭಾಗ ಮಾತ್ರ. ಅದನ್ನು ಉಳಿಸಿದವರಿಗೆ ಕನ್ನಡ ಪುಟದಲ್ಲಿ ಕಂಡದ್ದು ಖಾಲಿ ಚೌಕಗಳು, ಇಲ್ಲವೇ ಸ್ಥಾನ ತಪ್ಪಿದ ಒತ್ತಕ್ಷರಗಳು. 2007ರ ವಿಂಡೋಸ್ ವಿಸ್ಟಾದಿಂದೀಚೆಗೆ ಈ ಸೌಲಭ್ಯ ತಾನಾಗಿಯೇ ಇರುತ್ತದೆ.

ಲೆಕ್ಕಾಚಾರ ಅಲ್ಲಿಗೆ ಮುಗಿಯಲಿಲ್ಲ. ವಿಂಡೋಸಿನ 'ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮನ್ಸ್' ಆಯ್ಕೆ ನೆರಳು, ಚಲನೆಗಳ ಜೊತೆಗೆ ಅಕ್ಷರಗಳ ಅಂಚನ್ನು ನುಣುಪಾಗಿಸುವ ಕೆಲಸವನ್ನೂ ನಿಲ್ಲಿಸುತ್ತದೆ. ದುಂಡಗಿನ ಕನ್ನಡ ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ನಿಮ್ಮ ಶಾಲೆಯ ಗಣಕದಲ್ಲಿ ಇದನ್ನು ಪರೀಕ್ಷಿಸಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ 'ಭಾರತವಾಣಿ'ಯಂಥ ಕನ್ನಡ ನಿಘಂಟುಗಳಿರುವ ತಾಣವೊಂದನ್ನು ತೆರೆಯಿರಿ. ಆ ಆಯ್ಕೆಯನ್ನು ಹಾಕಿ, ತೆಗೆದು, ಎರಡು ಬಾರಿಯೂ ಅಕ್ಷರಗಳನ್ನು ಹೋಲಿಸಿ. ನಂತರ ಪಟ್ಟಿಯಲ್ಲಿ 'ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್' ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡಿ. ವೇಗ ಬೇಕು, ನಿಜ. ಆದರೆ ಗಣಕವಿರುವುದು ಓದುವುದಕ್ಕಾಗಿ ಎಂಬುದನ್ನು ಮರೆಯದಿರಿ.