ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ‘ಬೋರ್ಡ್ ಹೋಯಿತು’ ಎನ್ನುವ ಮೊದಲು ಇಷ್ಟು ನೋಡಿ

ಜುಲೈ ತಿಂಗಳ ಒಂದು ಬೆಳಗ್ಗೆ. ರಾತ್ರಿಯಿಡೀ ಮಳೆ ಸುರಿದಿದೆ, ನಾಲ್ಕೈದು ಸಲ ಕರೆಂಟು ಹೋಗಿ ಬಂದಿದೆ. ಜೊಯಿಡಾದ ಒಂದು ಮನೆಯಲ್ಲೋ, ಹಳಿಯಾಳದ ಒಂದು ಜೆರಾಕ್ಸ್ ಅಂಗಡಿಯಲ್ಲೋ ಯಾರೋ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ಪರದೆ ಕಪ್ಪಗೇ ಇದೆ. ಅಕ್ಕಪಕ್ಕದಲ್ಲಿ ಇದ್ದವರು ತೀರ್ಪು ಕೊಡಲು ಶುರು ಮಾಡುತ್ತಾರೆ: ‘ಮದರ್‌ಬೋರ್ಡ್ ಸುಟ್ಟಿದೆ’, ‘ವೈರಸ್ ಬಂದಿದೆ’, ‘ಇನ್ನು ಒಳಗಿದ್ದ ಫೈಲುಗಳ ಆಸೆ ಬಿಡಿ’.

ಹೆಚ್ಚಿನ ಸಲ ಈ ಮೂರೂ ಮಾತು ತಪ್ಪಾಗಿರುತ್ತವೆ. ಕಂಪ್ಯೂಟರ್ ಆನ್ ಆಗದಿರಲು ಸಡಿಲವಾದ ಒಂದು ತಂತಿ, ಕಿಲುಬು ಹಿಡಿದ ಒಂದು ರ‍್ಯಾಮ್ ಪಟ್ಟಿ, ಮರೆತು ಚುಚ್ಚಿಟ್ಟ ಒಂದು ಪೆನ್ ಡ್ರೈವ್ ಕೂಡ ಸಾಕು. ತೊಂದರೆ ಎಲ್ಲಿದೆ ಎಂದು ತಿಳಿಯಲು ಇಂಜಿನಿಯರ್ ಆಗಬೇಕಿಲ್ಲ. ಕಂಪ್ಯೂಟರ್ ಏಳುವ ಕ್ರಮ ಗೊತ್ತಿದ್ದರೆ, ಅದು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಹೇಳಬಹುದು.

ಗುಂಡಿ ಒತ್ತಿದಾಗ ಒಳಗೆ ನಡೆಯುವುದೇನು?

ಮೊದಲ ಮೆಟ್ಟಿಲು ವಿದ್ಯುತ್ತು. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಎಸ್‌ಎಂಪಿಎಸ್ ಎಂಬ ಲೋಹದ ಡಬ್ಬಿ ಇರುತ್ತದೆ. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಿಸುತ್ತದೆ. ಈ ವೋಲ್ಟೇಜುಗಳು ಸ್ಥಿರವಾದ ಮೇಲೆ ‘ಎಲ್ಲ ಸರಿಯಿದೆ’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸುತ್ತದೆ. ಆ ಸಂಕೇತ ಬಾರದಿದ್ದರೆ ಪ್ರೊಸೆಸರ್ ಕೆಲಸ ಆರಂಭಿಸುವುದೇ ಇಲ್ಲ.

ಎರಡನೆಯ ಮೆಟ್ಟಿಲು ಸ್ವಯಂಪರೀಕ್ಷೆ. ಬಯೋಸ್ ಅಥವಾ ಯುಇಎಫ್‌ಐ ಎಂಬ ಪುಟ್ಟ ತಂತ್ರಾಂಶ ಎದ್ದು ರ‍್ಯಾಮ್, ಗ್ರಾಫಿಕ್ಸ್, ಕೀಲಿಮಣೆ ಇವೆಯೇ ಎಂದು ನೋಡುತ್ತದೆ. ಮೂರನೆಯ ಮೆಟ್ಟಿಲಲ್ಲಿ ಅದು ಡಿಸ್ಕನ್ನು ಹುಡುಕಿ, ವಿಂಡೋಸ್ ಅಥವಾ ಲಿನಕ್ಸಿಗೆ ಅಧಿಕಾರ ಒಪ್ಪಿಸುತ್ತದೆ. ನಾವು ಕಾಣುವ ಲೋಗೋ, ಪಾಸ್‌ವರ್ಡ್ ಕೇಳುವ ಪರದೆ ಎಲ್ಲ ಆಮೇಲಿನವು.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದೀಪ, ಫ್ಯಾನು ಯಾವುದೂ ಇಲ್ಲವೇ? ಫ್ಯಾನ್ ತಿರುಗಿದರೂ ಪರದೆ ಕಪ್ಪಗಿದೆಯೇ? ಅಥವಾ ಅಕ್ಷರ ಮೂಡಿ ಅಲ್ಲಿಗೇ ನಿಂತಿದೆಯೇ?

ನಮ್ಮ ಕಡೆ ಈ ತೊಂದರೆ ಯಾಕೆ ಜಾಸ್ತಿ?

ಜೊಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ವಿದ್ಯುದಾಗಾರವಿದೆ. ಕಾಳಿ ನದಿಯ ನೀರಿನಿಂದ ಅಲ್ಲಿ 100 ಮೆಗಾವಾಟ್ ಸಾಮರ್ಥ್ಯದ ಎರಡು ಯಂತ್ರಗಳು ನಡೆಯುತ್ತವೆ, ತಲಾ 50 ಮೆಗಾವಾಟಿನಂತೆ. ಆದರೂ ಸುತ್ತಲಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ. ದೊಡ್ಡ ಗೋಪುರಗಳ ಮೇಲೆ ಹೊರಗೆ ಹೋಗುವ ವಿದ್ಯುತ್ತೇ ಬೇರೆ, ಹೆಸ್ಕಾಂ ಕಂಬಗಳ ಮೇಲೆ ಕಾಡಿನ ನಡುವೆ ಮನೆಗೆ ಬರುವ ತಂತಿಯೇ ಬೇರೆ. ಒಂದು ಕೊಂಬೆ ಬಿದ್ದರೆ ತಂತಿ ತುಂಡಾಗುತ್ತದೆ, ಇಲ್ಲವೇ ಒಂದಕ್ಕೊಂದು ತಾಗುತ್ತದೆ.

ಕರೆಂಟು ಹೋಗುವುದಕ್ಕಿಂತ ಅದು ಮರಳಿ ಬರುವ ಗಳಿಗೆ ಹೆಚ್ಚು ಅಪಾಯದ್ದು. ಆಗ ವೋಲ್ಟೇಜ್ ಏರಿಳಿಯುತ್ತದೆ, ಎಸ್‌ಎಂಪಿಎಸ್‌ಗೆ ಪೆಟ್ಟು ಬೀಳುತ್ತದೆ. ಇದರ ಜೊತೆಗೆ ತೇವ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಕ್ಯಾಸಲ್‌ರಾಕ್ ಇದೇ ಜೊಯಿಡಾ ತಾಲ್ಲೂಕಿನದು. ಬಟ್ಟೆ, ಪುಸ್ತಕ, ಗೋಡೆಗೆ ಬೂಷ್ಟು ಹಿಡಿಸುವ ಅದೇ ಗಾಳಿ ಕಂಪ್ಯೂಟರಿನ ಒಳಗೂ ಓಡಾಡುತ್ತದೆ. ಧೂಳು ತೇವ ಹೀರಿಕೊಂಡು ಲೋಹದ ತುದಿಗಳ ಮೇಲೆ ಕೂರುತ್ತದೆ. ಬೆಚ್ಚಗಿನ ಜಾಗ ಹುಡುಕಿ ಇರುವೆ, ಹಲ್ಲಿಗಳೂ ಬರುತ್ತವೆ. ಮುಂಡಗೋಡ, ಹಳಿಯಾಳದ ಬಯಲಿನ ಕಡೆ ಮಳೆ ಕಡಿಮೆ, ಆದರೆ ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲು ಅಲ್ಲಿಯೂ ಜೋರು.

ದೀಪವೂ ಇಲ್ಲ, ಫ್ಯಾನೂ ಇಲ್ಲ

ಇಲ್ಲಿ ಹೊರಗಿನಿಂದ ಒಳಗೆ ಹೋಗಬೇಕು. ಅದೇ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕಿ ನೋಡಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ. ಯುಪಿಎಸ್ ಒಳಗಿನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಬಳಲುತ್ತದೆ. ‘ಕಂಪ್ಯೂಟರ್ ಕೆಟ್ಟಿದೆ’ ಎಂದು ಒಯ್ದದ್ದು ಯುಪಿಎಸ್ ಸಮಸ್ಯೆಯಾಗಿರುವುದು ಅಪರೂಪವಲ್ಲ. ಮಾನಿಟರಿನ ಪವರ್ ಕೇಬಲ್ ಸಾಮಾನ್ಯವಾಗಿ ಕಂಪ್ಯೂಟರಿಗೂ ಹೊಂದುತ್ತದೆ, ಅದಲುಬದಲು ಮಾಡಿ ನೋಡಿ. ಡಬ್ಬಿಯ ಹಿಂದಿರುವ ಪುಟ್ಟ ಸ್ವಿಚ್ ಗುಡಿಸುವಾಗ ಆಫ್ ಆಗಿರಬಹುದು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115/230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ಆನ್ ಮಾಡಿದರೆ ಡಬ್ಬಿ ಸುಟ್ಟೇ ಹೋಗುತ್ತದೆ.

ಇಷ್ಟಾದರೂ ಜೀವ ಬರದಿದ್ದರೆ, ಪ್ಲಗ್ ಕಿತ್ತು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೆಲವು ನಿಮಿಷ ಬಿಟ್ಟು ಮತ್ತೆ ಜೋಡಿಸಿ. ವೋಲ್ಟೇಜ್ ಏರಿದಾಗ ಎಸ್‌ಎಂಪಿಎಸ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿದ್ದರೆ, ಒಳಗೆ ಉಳಿದ ವಿದ್ಯುದಂಶ ಖಾಲಿಯಾದ ಮೇಲೆ ಮತ್ತೆ ಎದ್ದೇಳಬಹುದು. ಲ್ಯಾಪ್‌ಟಾಪಿಗೂ ಇದೇ ಉಪಾಯ: ಚಾರ್ಜರ್ ತೆಗೆದು, ಬಿಚ್ಚಬಹುದಾದ ಬ್ಯಾಟರಿಯಿದ್ದರೆ ಅದನ್ನೂ ತೆಗೆದು, ಗುಂಡಿಯನ್ನು ಮೂವತ್ತು ಸೆಕೆಂಡು ಒತ್ತಿ, ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಅರ್ಧ ಗಂಟೆ ಚಾರ್ಜಿಗೆ ಬಿಡಿ. ಬೇರೆ ಚಾರ್ಜರ್ ಬಳಸುವುದಾದರೆ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು.

ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರ ಸುಮಾರು 325 ವೋಲ್ಟ್. ಅಷ್ಟು ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಉಳಿದಿರಬಹುದು. ಸುಟ್ಟ ವಾಸನೆ, ಹೊಗೆ ಬಂದಿದ್ದರೆ ಮತ್ತೆ ಆನ್ ಮಾಡಿ ಪರೀಕ್ಷೆ ಮಾಡಲೂ ಹೋಗಬೇಡಿ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ವಿದ್ಯುತ್ತು ಒಳಗೆ ಬಂದಿದೆ, ಸ್ವಯಂಪರೀಕ್ಷೆ ನಿಂತಿದೆ ಎಂದು ಅರ್ಥ. ಅಥವಾ ಕಂಪ್ಯೂಟರ್ ಸರಿಯಾಗಿಯೇ ಎದ್ದಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಮಾನಿಟರಿನ ಕೇಬಲ್ ಎರಡೂ ತುದಿಯಲ್ಲಿ ಬಿಗಿಯಾಗಿದೆಯೇ, ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಜೋಡಿಸಿದೆಯೇ ನೋಡಿ. ಲ್ಯಾಪ್‌ಟಾಪ್ ಆದರೆ ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಪರದೆಯ ಹಿಂದಿನ ಬೆಳಕು ಮಾತ್ರ. ಟಿವಿಗೆ ಜೋಡಿಸಿದರೆ ಎಲ್ಲ ಕಾಣುತ್ತದೆ.

ಬೀಪ್ ಸದ್ದು ಬಂದರೆ ಎಣಿಸಿ ಬರೆದಿಟ್ಟುಕೊಳ್ಳಿ. ಎಷ್ಟು ಬೀಪಿಗೆ ಏನರ್ಥ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಆದರೆ ಅದು ಗಲಾಟೆಯಲ್ಲ, ಸಂದೇಶ. ಮಳೆಗಾಲದಲ್ಲಿ ಆ ಸಂದೇಶ ಹಲವು ಸಲ ರ‍್ಯಾಮ್ ಬಗ್ಗೆಯೇ ಇರುತ್ತದೆ.

ಡೆಸ್ಕ್‌ಟಾಪಿನ ರ‍್ಯಾಮ್ ತೆಗೆದು ಹಾಕುವುದು ಕಷ್ಟವಲ್ಲ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನೊಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ; ಇದರಿಂದ ನಿಮ್ಮ ಮೈಮೇಲಿನ ಸ್ಥಿರ ವಿದ್ಯುತ್ತು ಇಳಿಯುತ್ತದೆ. ತುದಿಯ ಕೊಂಡಿ ಬಿಡಿಸಿ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಎತ್ತಿ. ಹೊಳೆಯುವ ಚಿನ್ನದ ಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ನಮ್ಮಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಯಿದೆ. ಅದು ಕೆಲಸ ಮಾಡುತ್ತದೆ, ಆದರೆ ಜೋರಾಗಿ ಉಜ್ಜಿದರೆ ತೆಳುವಾದ ಚಿನ್ನದ ಲೇಪ ಸವೆಯುತ್ತದೆ. ಬಾಯಿಂದ ಊದಿ ಧೂಳು ತೆಗೆಯಬೇಡಿ, ಉಸಿರಿನಲ್ಲಿ ತೇವವಿದೆ. ಒಣ ಬಣ್ಣದ ಕುಂಚ ಸಾಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಆನ್ ಮಾಡಿ. ಕೆಟ್ಟದ್ದು ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಅಕ್ಷರ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಮೊದಲು ಪೆನ್ ಡ್ರೈವ್, ಮೆಮೊರಿ ಕಾರ್ಡ್ ತೆಗೆಯಿರಿ. ಕಂಪ್ಯೂಟರ್ ಡಿಸ್ಕಿನ ಬದಲು ಅದರಲ್ಲೇ ವಿಂಡೋಸ್ ಹುಡುಕುತ್ತಾ ನಿಂತಿರಬಹುದು.

ತಾರೀಖು ಹಳೆಯ ವರ್ಷಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಇದು ಹೆಚ್ಚಾಗಿ ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆಯಿದೆ. ಅದು ಮುಗಿದರೆ ಗಡಿಯಾರದ ಜೊತೆಗೆ ಬಯೋಸಿನ ಆಯ್ಕೆಗಳೂ ಮರೆತುಹೋಗಿ, ಸರಿಯಾದ ಡಿಸ್ಕ್ ಯಾವುದೆಂದು ಕಂಪ್ಯೂಟರಿಗೆ ತಿಳಿಯದೆ ಹೋಗಬಹುದು.

ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿದರೆ ಹಲವು ಯಂತ್ರಗಳಲ್ಲಿ ಬಯೋಸ್ ಪರದೆ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರು ಕಾಣಿಸಿದರೆ ತೊಂದರೆ ಬಹುಶಃ ತಂತ್ರಾಂಶದ್ದು. ಕಾಣಿಸದಿದ್ದರೆ ಕೇಬಲ್ ಅಥವಾ ಡಿಸ್ಕ್‌ನದು. ಹಾರ್ಡ್ ಡಿಸ್ಕಿನಿಂದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ದಾಖಲೆ ಉಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ತಂತ್ರಾಂಶ ಒಂದೇ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಯಾವ ಮದರ್‌ಬೋರ್ಡೂ ಸುಟ್ಟಿರಲಿಲ್ಲ. ಸೇಫ್ ಮೋಡಿನಲ್ಲಿ ತೆರೆದು ಆ ಒಂದು ಫೈಲು ಅಳಿಸಿದರೆ ಯಂತ್ರ ಏಳುತ್ತಿತ್ತು. ವಿಂಡೋಸ್ ಸತತವಾಗಿ ಏಳಲು ಸೋತರೆ ದುರಸ್ತಿ ಪರದೆ ತಾನಾಗಿ ಬರುತ್ತದೆ. ಸ್ಟಾರ್ಟ್‌ಅಪ್ ರಿಪೇರ್, ಸೇಫ್ ಮೋಡ್ ಎರಡೂ ಅಲ್ಲಿಯೇ ಇವೆ. ‘ರಿಸೆಟ್’ ಆಯ್ಕೆ ಮಾತ್ರ ಕೊನೆಗಿರಲಿ. ಅದರಲ್ಲೂ ‘ಎಲ್ಲವನ್ನೂ ತೆಗೆದುಹಾಕು’ ಎಂಬ ಸಾಲನ್ನು ಓದದೆ ಒತ್ತಬೇಡಿ.

ನೀಲಿ ಪರದೆಯೊಂದು 48 ಅಂಕಿಯ ಬಿಟ್‌ಲಾಕರ್ ಕೀಲಿ ಕೇಳಿದರೆ ಅದು ವೈರಸ್ಸೆಂದು ಹೆದರಬೇಡಿ. ಡಿಸ್ಕ್ ಗೂಢಲಿಪಿಯಲ್ಲಿದೆ, ಅಷ್ಟೇ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಉಳಿದಿರಬಹುದು, ಫೋನಿನಿಂದಲೇ ನೋಡಬಹುದು.

ನಾಲ್ಕು ನಂಬಿಕೆಗಳು

‘ಒದ್ದೆಯಾದರೆ ಅಕ್ಕಿ ಡಬ್ಬಿಯಲ್ಲಿಡಿ.’ ಸುತ್ತಲಿನ ಗಾಳಿಯಲ್ಲಿ ಬಿಟ್ಟಿಡುವುದಕ್ಕಿಂತ ಅಕ್ಕಿ ಹೆಚ್ಚೇನೂ ಮಾಡುವುದಿಲ್ಲ. ಅದರ ಹುಡಿ ಕಿಂಡಿಗಳಿಗೆ ಸೇರುತ್ತದೆ. ಆ್ಯಪಲ್ ಕಂಪನಿಯೇ 2024ರಲ್ಲಿ ತನ್ನ ಫೋನುಗಳನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಹೇಳಿತು.

‘ಬಚ್ಚಲ ಒಲೆಯ ಹತ್ತಿರ ಇಟ್ಟರೆ ಒಣಗುತ್ತದೆ.’ ಬಟ್ಟೆಗೆ ಸರಿ, ಲ್ಯಾಪ್‌ಟಾಪಿಗಲ್ಲ. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಬ್ಯಾಟರಿ ಅಪಾಯಕಾರಿಯಾಗುತ್ತದೆ, ಹೊಗೆಯ ಮಸಿ ಒಳಗೆ ಕೂರುತ್ತದೆ. ಆಫ್ ಮಾಡಿ, ಚಾರ್ಜರ್ ಕಿತ್ತು, ತೆರೆದು ಮಗುಚಿ, ಫ್ಯಾನಿನ ಗಾಳಿಗೆ ಒಂದೆರಡು ದಿನ ಬಿಡಿ. ಒಣಗುವ ಮೊದಲು ‘ಆನ್ ಆಗುತ್ತದೋ ನೋಡೋಣ’ ಎನ್ನುವುದೇ ದೊಡ್ಡ ತಪ್ಪು.

‘ಸ್ವಿಚ್ ಆಫ್ ಮಾಡಿದರೆ ಸಿಡಿಲಿನ ಭಯವಿಲ್ಲ.’ ಮೋಡದಿಂದ ನೆಲಕ್ಕೆ ಹಾರುವ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಅಂತರ ಲೆಕ್ಕಕ್ಕಿಲ್ಲ. ಗುಡುಗು ಕೇಳುವ ಮೊದಲೇ ಪ್ಲಗ್ ಕೀಳಬೇಕು, ಇಂಟರ್ನೆಟ್ ಕೇಬಲನ್ನೂ ಕೀಳಬೇಕು. ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರಿನಿಂದಲೂ ಪೂರ್ತಿ ಪ್ರಯೋಜನವಿಲ್ಲ.

‘ಆನ್ ಆಗದಿದ್ದರೆ ಫೈಲುಗಳು ಹೋದವು.’ ಮದರ್‌ಬೋರ್ಡ್ ನಿಜವಾಗಿ ಸುಟ್ಟರೂ ಡಿಸ್ಕ್ ಚೆನ್ನಾಗಿರಬಹುದು. ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು, ಇಲ್ಲವೇ ಕೆಟ್ಟಿರುವುದು ವಿಂಡೋಸ್ ಮಾತ್ರವಾದರೆ ಪೆನ್ ಡ್ರೈವಿನಿಂದ ಲಿನಕ್ಸ್ ತೆರೆದು ಫೈಲು ನಕಲಿಸಿಕೊಳ್ಳಬಹುದು.

ಅಂಗಡಿಗೆ ಒಯ್ಯುವ ಮುನ್ನ

ಜೊಯಿಡಾದವರು ದಾಂಡೇಲಿಗೆ, ಹಳಿಯಾಳದವರು ಧಾರವಾಡಕ್ಕೆ, ಮುಂಡಗೋಡದವರು ಹುಬ್ಬಳ್ಳಿಗೆ ಹೋಗುವುದುಂಟು. ಒಂದು ದಿನದ ಕೆಲಸ, ಬಸ್ಸಿನ ಖರ್ಚು. ಹೋಗುವ ಮೊದಲು ಮೂರು ವಿಷಯ ಚೀಟಿಯಲ್ಲಿ ಬರೆಯಿರಿ: ಯಾವ ಮೆಟ್ಟಿಲಲ್ಲಿ ನಿಂತಿದೆ, ನಿಲ್ಲುವ ಮೊದಲು ಏನಾಯಿತು, ನೀವು ಏನೇನು ಮಾಡಿ ನೋಡಿದಿರಿ. ನಾಲ್ಕನೆಯ ಸಾಲು ದೊಡ್ಡ ಅಕ್ಷರದಲ್ಲಿರಲಿ: ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ.’

ಈ ಸಾಲನ್ನು ನಾನು ಕಲಿತದ್ದು ತಡವಾಗಿ. ಸ್ನಾತಕೋತ್ತರ ಅಧ್ಯಯನದ ಸಮಯದಲ್ಲಿ ಹಳಿಯಾಳ ತಾಲ್ಲೂಕಿನ ಸಿದ್ದಿ ಹಿರಿಯರೊಬ್ಬರ ಮಾತನ್ನು ಎರಡು ಮಧ್ಯಾಹ್ನ ಕೂತು ಧ್ವನಿಮುದ್ರಿಸಿದ್ದೆ. ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಏಳಲಿಲ್ಲ. ಅಂಗಡಿಗೆ ಕೊಟ್ಟೆ, ‘ಸರಿ ಮಾಡಿ’ ಎಂದಷ್ಟೇ ಹೇಳಿದೆ. ಸಂಜೆ ಅದು ಹೊಸದರಂತೆ ಏಳುತ್ತಿತ್ತು, ಒಳಗೆ ಏನೂ ಇರಲಿಲ್ಲ. ದುರಸ್ತಿ ಮಾಡಿದವರು ಹೇಳಿದಷ್ಟು ಮಾಡಿದ್ದರು. ಒಳಗೇನಿದೆ ಎಂದು ನಾನು ಹೇಳಿರಲಿಲ್ಲ, ಇನ್ನೊಂದು ಪ್ರತಿಯೂ ಇರಲಿಲ್ಲ. ಮತ್ತೆ ಆ ಊರಿಗೆ ಹೋಗುವಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು.

ಕೆಟ್ಟ ಎಸ್‌ಎಂಪಿಎಸ್, ರ‍್ಯಾಮ್, ಮದರ್‌ಬೋರ್ಡ್ ಎಲ್ಲಕ್ಕೂ ಬದಲಿ ಸಿಗುತ್ತದೆ. ಮಕ್ಕಳ ಫೋಟೋ, ಸಂಘದ ಲೆಕ್ಕ, ಜಮೀನಿನ ಕಾಗದದ ಸ್ಕ್ಯಾನ್‌ಗಳಿಗೆ ಸಿಗುವುದಿಲ್ಲ. ಇಂದು ನಿಮ್ಮ ಕಂಪ್ಯೂಟರ್ ಸರಿಯಾಗಿ ಏಳುತ್ತಿದ್ದರೆ, ಮುಖ್ಯವಾದ ಫೈಲುಗಳನ್ನು ಒಂದು ಹೊರಗಿನ ಡಿಸ್ಕಿಗೆ ನಕಲಿಸಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಇಡಿ. ಮುಂದಿನ ಮಳೆಗೆ ಮೊದಲು ಮಾಡಬೇಕಾದ ಕೆಲಸ ಇದೊಂದೇ.