ಬೋಳಾರದ ನದೀತೀರ: ಒಂದು ಟಿಪ್ಪಣಿ

ಮಂಗಳೂರಿನ ಚರಿತ್ರೆ ಬರೆಯುವವರು ಬೋಳಾರಕ್ಕೆ ಬಂದರೆ ಸಾಮಾನ್ಯವಾಗಿ ಮಂಗಳಾದೇವಿ ದೇವಸ್ಥಾನದಲ್ಲೇ ನಿಂತುಬಿಡುತ್ತಾರೆ. ಐತಿಹ್ಯ ಈ ದೇವಸ್ಥಾನವನ್ನು ಕುಂದವರ್ಮನಿಗೆ ಜೋಡಿಸುತ್ತದೆ. ಆ ಅರಸನ ಗಟ್ಟಿ ಆಧಾರ ಇರುವುದು ಕದ್ರಿಯಲ್ಲಿ, ಲೋಕೇಶ್ವರ ವಿಗ್ರಹದ ಪೀಠದ ಮೇಲಿನ ಕ್ರಿ.ಶ. 968ರ ಶಾಸನದಲ್ಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನನ್ನ ಆಸಕ್ತಿ ದೇವಸ್ಥಾನದ ಆಚೆ, ನದಿಗೆ ಇಳಿಯುವ ಜಾಗದ ಮೇಲಿದೆ. ಬೋಳಾರವನ್ನು ಬೆಳೆಸಿದ್ದು ಅಲ್ಲಿಯ ಕೆಸರು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ನೇತ್ರಾವತಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಎದುರು ದಡದಲ್ಲಿ ಉಳ್ಳಾಲ, ಪಶ್ಚಿಮಕ್ಕೆ ಬೆಂಗ್ರೆಯ ಮರಳುಪಟ್ಟಿ. ಉತ್ತರದಿಂದ ಗುರುಪುರ ನದಿಯೂ ಬಂದು ಕೂಡಿ, ಎರಡೂ ಒಂದೇ ಅಳಿವೆಯಿಂದ ಹೊರಬೀಳುತ್ತವೆ. ಮಳೆಗಾಲದಲ್ಲಿ ಘಟ್ಟದ ಕೆಂಪು ನೀರು. ಬೇಸಿಗೆಯಲ್ಲಿ ಭರತದೊಡನೆ ಉಪ್ಪುನೀರು ಒಳಗೆ ಏರುತ್ತದೆ. ಇಳಿತದ ಹೊತ್ತಿಗೆ ಕಾಂಡ್ಲಾ ಗಿಡಗಳ ಬುಡದಲ್ಲಿ ಕಪ್ಪು ಕೆಸರು ತೆರೆದುಕೊಳ್ಳುತ್ತದೆ. ಇದೇ ನದಿಯ ತಳದಿಂದ ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳಿವೆ.

ನದಿ ತಂದು ಹಾಸಿದ ಆವೆಮಣ್ಣು ಬಯಲಿನಲ್ಲಿ ದೊರೆಯುತ್ತಿತ್ತು. ಬಾಸೆಲ್ ಮಿಷನ್ನಿನ ಗೇಯೊರ್ಗ್ ಪ್ಲೆಬ್‌ಸ್ಟ್ ಅದನ್ನು ಪರೀಕ್ಷಿಸಿ 1865ರಲ್ಲಿ ಪಕ್ಕದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ಸ್ಥಳೀಯ ಉದ್ಯಮಿಗಳ ಕಾರ್ಖಾನೆಗಳೂ ಈ ದಡದುದ್ದಕ್ಕೂ ಎದ್ದವು. ಮಣ್ಣು ಸಿಕ್ಕಿದ್ದು ಕಾರಣದ ಅರ್ಧ ಮಾತ್ರ. ಇನ್ನರ್ಧ, ನೀರೇ ರಸ್ತೆಯಾಗಿದ್ದುದು. ಮಣ್ಣೂ ಸೌದೆಯೂ ದೋಣಿಯಲ್ಲಿ ಬರುತ್ತಿದ್ದವು, ಸುಟ್ಟ ಹಂಚು ಬಂದರಿನಿಂದ ಮುಂಬಯಿಗೂ ಸಿಂಹಳಕ್ಕೂ ಹೋಗುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಇಷ್ಟು ಭಾರದ ಸರಕಿಗೆ ಬೇರೆ ಅಗ್ಗದ ದಾರಿಯೇ ಇರಲಿಲ್ಲ.

ಹಳೆ ಮಾಡಿನಿಂದ ಇಳಿಸಿದ ಹಂಚೊಂದನ್ನು ಮಗುಚಿ ನೋಡಿ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಉಬ್ಬಕ್ಷರವೂ 1865 ಎಂಬ ಅಂಕಿಯೂ ಕಾಣುತ್ತವೆ. ಆ ಅಂಕಿ ಸಂಸ್ಥೆಯ ಆರಂಭದ್ದು, ಹಂಚು ತಯಾರಾದ ವರ್ಷದ್ದಲ್ಲ. ಮನೆಯ ಕಾಲನಿರ್ಣಯಕ್ಕೆ ಅದನ್ನೇ ನೆಚ್ಚುವವರು ಇದನ್ನು ಗಮನಿಸಬೇಕು. ಮೊದಲ ಮಹಾಯುದ್ಧದ ತರುವಾಯ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆದ್ದರಿಂದ ಮುದ್ರೆಯಲ್ಲಿರುವ ಹೆಸರು ಅಂಕಿಗಿಂತ ಉತ್ತಮ ಸಾಕ್ಷಿ.

ಕಾಂಕ್ರೀಟು ಮಾಡು ಬಂದ ಮೇಲೆ ಹಂಚಿನ ಬೇಡಿಕೆ ಕುಸಿಯಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಈಗ ಸ್ಮಾರ್ಟ್ ಸಿಟಿ ಯೋಜನೆಯಡಿ ನೇತ್ರಾವತಿ ಸೇತುವೆಯ ಕಡೆಯಿಂದ ಬೋಳಾರದವರೆಗೆ ನದೀತೀರದ ಕಾಮಗಾರಿ ಕೈಗೊಳ್ಳಲಾಗಿದೆ. ದಡಕ್ಕೆ ಮಣ್ಣು ತುಂಬುವ ಮೊದಲು ಹಳೆ ದೋಣಿಗಟ್ಟೆಗಳು, ಕಾರ್ಖಾನೆ ಗೋಡೆಗಳು, ಕಾಂಡ್ಲಾ ಸಾಲು ಇವು ಎಲ್ಲೆಲ್ಲಿ ಇವೆಯೆಂದು ನಕ್ಷೆಗೆ ಇಳಿಸಬೇಕು. ಹಂಚು ಹೊತ್ತು, ದೋಣಿ ನಡೆಸಿ ಬದುಕಿದ ಹಿರಿಯರ ಮಾತನ್ನು ತುಳು, ಕೊಂಕಣಿ, ಬ್ಯಾರಿಗಳಲ್ಲಿ ಅವರಾಡಿದಂತೆಯೇ ದಾಖಲಿಸುವ ಕೆಲಸ ಅದಕ್ಕಿಂತಲೂ ತುರ್ತಿನದು.