ಲಿವರ್ ಟೆಸ್ಟ್ ಹುಟ್ಟಿದ್ದು ಹಾರ್ಟ್‌ಗಾಗಿ (ಭಾಗ 3)

ಮನೇಲಿ ಯಾರದ್ದಾದ್ರೂ ಲಿವರ್ ರಿಪೋರ್ಟ್ ಇದ್ರೆ ತೆಗೆದು ನೋಡಿ. ಎಸ್‌ಜಿಒಟಿ ಅಂತ ಒಂದು ಸಾಲು ಇರುತ್ತೆ. ಕುಡಿಯೋರ ರಿಪೋರ್ಟಲ್ಲಿ ಡಾಕ್ಟರ್ ನೋಡೋ ಸಂಖ್ಯೆಗಳಲ್ಲಿ ಇದೂ ಒಂದು.

ಮಜಾ ಏನಂದ್ರೆ, ಈ ಟೆಸ್ಟ್ ಶುರುವಾಗಿದ್ದು ಹಾರ್ಟ್ ಅಟ್ಯಾಕ್ ಪತ್ತೆಗೆ! 1954ರಲ್ಲಿ ಅಮೆರಿಕದ ಲಾಡ್ಯೂ, ವ್ರೊಬ್ಲೆವ್‌ಸ್ಕಿ, ಕಾರ್ಮೆನ್ ಅನ್ನೋ ಮೂವರು, ಹೃದಯದ ಸ್ನಾಯು ಸತ್ತಾಗ ಅದರೊಳಗಿನ ಈ ಎಂಜೈಮ್ ರಕ್ತಕ್ಕೆ ಸೋರುತ್ತೆ ಅಂತ ತೋರಿಸಿದ್ರು. ಲಿವರ್ ಕೋಶ ಹಾಳಾದಾಗಲೂ ಅದೇ ಸೋರಿಕೆ ಅಂತ ಬೇಗ ಗೊತ್ತಾಯ್ತು. ಮುಂದೆ ಹಾರ್ಟ್‌ಗೆ ಟ್ರೋಪೋನಿನ್ ಬಂತು, ಎಸ್‌ಜಿಒಟಿ ಲಿವರ್ ಪಟ್ಟಿಯಲ್ಲೇ ಉಳೀತು.

1972ರಲ್ಲಿ ರೊಸಾಲ್ಕಿ ಮತ್ತು ಜೊತೆಗಾರರು, ತುಂಬಾ ಕುಡಿಯೋರಲ್ಲಿ ಜಿಜಿಟಿ ಏರಿರುತ್ತೆ ಅಂತ ಬರೆದ್ರು. ಕುಡಿಯೋದು ಬಿಟ್ರೆ ಕೆಲವು ವಾರಗಳಲ್ಲಿ ಇಳಿಯುತ್ತೆ. ಆದ್ರೆ ಫಿಟ್ಸ್‌ನ ಕೆಲವು ಮಾತ್ರೆ, ಫ್ಯಾಟಿ ಲಿವರ್‌ನಿಂದಲೂ ಅದು ಏರುತ್ತೆ. ಹಾಗಾಗಿ ಜಿಜಿಟಿ ನೋಡಿ ಯಾರನ್ನೂ ಕುಡುಕ ಅನ್ಬೇಡಿ.

ಇನ್ನು "ರಿಪೋರ್ಟ್ ನಾರ್ಮಲ್ ಮಗಾ, ಪಾರ್ಟಿ ಮಾಡೋಣ" ಅನ್ನೋರಿಗೆ: ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದ್ಮೇಲೂ ಎಸ್‌ಜಿಒಟಿ ನಾರ್ಮಲ್ ಬರಬಹುದು. ಅದು ಸೋರಿಕೆಯನ್ನಷ್ಟೇ ಅಳೆಯುತ್ತೆ. ಲಿವರ್ ಎಷ್ಟು ಕೆಲಸ ಮಾಡ್ತಿದೆ ಅಂತ ತಿಳಿಯೋಕೆ ಆಲ್ಬುಮಿನ್, ಪಿಟಿ ನೋಡ್ಬೇಕು. ಅದು ಭಾಗ 4ರಲ್ಲಿ.